ಚೋಂದವ್ವನ ಬಾಕಿ

ವಿರಾಜಪೇಟೆ ಗಡಿಯಾರ ಕಂಬದಿಂದ ಇಳಿಜಾರಿಗೆ ಮೂರನೇ ಅಂಗಡಿ,
ರೇಡಿಯೋ ರಿಪೇರಿ ಮೊಯ್ದು ಅಂದರೆ ನಾನೇ.
ಹಳೇ ಲೆಕ್ಕದ ಪುಸ್ತಕ ಗೆದ್ದಲಿಗೆ ಅರ್ಧ ಹೋಗಿದೆ.
ಉಳಿದರ್ಧದಲ್ಲಿ ನೀಲಿ ಶಾಯಿ, ನನ್ನದೇ ಸೊಟ್ಟ ಅಕ್ಷರ:
'ಚೋಂದವ್ವ. ಗಿಟಾರಿನ ಪೆಟ್ಟಿಗೆ. ವಾಲ್ವು ಎರಡು.
ಬಾಕಿ ನೂರಾ ಎಂಬತ್ತು.'

ಎಂಬತ್ತೆರಡರ ಮಾರ್ಚು. ಕಾಫಿ ಹೂ ಬಿಟ್ಟಿತ್ತು,
ರಸ್ತೆಗೆ ರಸ್ತೆಯೇ ಮದುವೆಮನೆ ವಾಸನೆ.
ಜೀಪಿನಿಂದ ಆ ಪೆಟ್ಟಿಗೆಯನ್ನು
ಜ್ವರ ಬಂದ ಕರುವಿನ ಹಾಗೆ ತಬ್ಬಿ ತಂದು
ಮೇಜಿನ ಮೇಲಿಟ್ಟು, 'ಇದಕ್ಕೆ ಸಿಟ್ಟೇ ಬರ್ತಿಲ್ಲ' ಅಂದಳು.
ರೋಗ ಇಷ್ಟು ಸರಿಯಾಗಿ ಹೇಳಿದ ಗಿರಾಕಿ
ಹಿಂದೆ ಬಂದಿರಲಿಲ್ಲ, ಮುಂದೆಯೂ ಬರಲಿಲ್ಲ.

ಬೆಸುಗೆಯ ಹೊಗೆಯಾಚೆ ಕೂತು ಹೇಳಿದಳು:
ಅಣ್ಣ ಹುಟ್ಟಿದಾಗ ಅಂಗಳದಲ್ಲಿ ಕೋವಿ ಹಾರಿತಂತೆ.
ಇವಳು ಹುಟ್ಟಿದ ದಿನ ಅದು ಗೋಡೆಯಲ್ಲೇ ತೂಗುತ್ತಿತ್ತಂತೆ,
ಎಣ್ಣೆ ಕುಡಿದು, ತಣ್ಣಗೆ.
'ಅದಕ್ಕೇ ನಂಗೆ ಇದರ ವಾಲ್ಯೂಮು ಪೂರ್ತಿ ಬೇಕು, ಮೊಯ್ದಣ್ಣ.'
ಕೊಟ್ಟೆ.
ಒಂದೇ ತಂತಿ ಮೀಟಿದಳು.
ಎದುರಿನ ಹೋಟೆಲಲ್ಲಿ ಪರೋಟ ಬೀಸುತ್ತಿದ್ದ ಕೈ ಗಾಳಿಯಲ್ಲೇ ನಿಂತಿತು,
ಪಾರಿವಾಳಗಳೆಲ್ಲ ಎದ್ದವು.
ಗಡಿಯಾರ ಮಾತ್ರ ಎಂದಿನಂತೆ ಹತ್ತು ನಿಮಿಷ ಹಿಂದೆ.

ತಾಳ ಕಲಿತದ್ದು ತೋಟದ ಸ್ಪ್ರಿಂಕ್ಲರಿನಿಂದ ಅನ್ನುತ್ತಿದ್ದಳು:
ಚಿಕ್ ಚಿಕ್ ಚಿಕ್ ಚಿಕ್, ಆಮೇಲೆ ಸುರ್ರನೆ ವಾಪಸು.
ಡ್ರಮ್ಮಿಗೆ ಚರ್ಚಿನ ಗಂಟೆ ಎಳೆಯುವ ಲಾಜರಸ್,
ಬೇಸಿಗೆ ಲೈನ್‌ಮನೆಯ ಎರವರ ಹುಡುಗ ಚುಕ್ಕ,
ಫ್ಯೂಸಿಗೆ ನಾನು.

ಪೊಲಿಬೆಟ್ಟದ ಕ್ಲಬ್ಬು, ಡಿಸೆಂಬರ್ ಮೂವತ್ತೊಂದು.
ಕುಣಿಯುವ ಹಾಡು ಕೇಳಿದರು ಸಾಹುಕಾರರು.
ಅವಳು ಹಾಡಿದ್ದು ಪಲ್ಪರಿನ ನೀರು ಇಳಿದು
ತೋಡಿನ ಮೀನು ಬೆಳ್ಳಗೆ ಮಗುಚಿದ್ದನ್ನು.
ಎರಡನೇ ಚರಣಕ್ಕೆ ಮೇನ್ ಸ್ವಿಚ್ಚು ಇಳಿಸಿದರು.
ಕತ್ತಲು. ಗಿಟಾರು ಬರೀ ಮರದ ತುಂಡು.
ಅವಳು ನಿಲ್ಲಿಸಲಿಲ್ಲ.
ನನ್ನ ಕೈಯಲ್ಲಿ ಫ್ಯೂಸಿನ ತಂತಿ ಇತ್ತು, ಹಾಕಲು ಹೋಗಲಿಲ್ಲ,
ಆ ಗಂಟಲಿಗೆ ಕರೆಂಟು ಯಾಕೆ?

ಆಮೇಲೆ ಮೈಸೂರು, ಮದ್ರಾಸು, ಪೇಪರಿನಲ್ಲಿ ಫೋಟೋ,
ಹೆಸರು ಒಂದು ಕಡೆಯೂ ಸರಿ ಇಲ್ಲ, ಚಂದ್ರವ್ವ, ಚೆಂದಮ್ಮ.
ಬೆಂಗಳೂರಿನ ಕ್ಯಾಸೆಟ್ ಕಂಪೆನಿಯವನು ಕಾಫಿ ತರಿಸಿ
(ಚಿಕೋರಿಯೇ ಮುಕ್ಕಾಲು, ಅಂದಳು)
'ದುಡಿ ಸೇರಿಸಿ, ನೆರಿಗೆ ಹಿಂದಕ್ಕೆ ಉಟ್ಟು ನಿಲ್ಲಿ,
ಕೊಡಗು ಅಂತ ಗೊತ್ತಾಗಬೇಕಲ್ಲ' ಅಂದನಂತೆ.
'ನಾನು ಕೆಮ್ಮಿದರೂ ಕೊಡಗೇ' ಅಂತ ಎದ್ದು ಬಂದು
ಅವ್ವನ ಜೋಮಾಲೆ ಅಡವಿಟ್ಟು ತಾನೇ ಮಾಡಿಸಿದಳು ಐನೂರು.
ಹೋದದ್ದು ನೂರಾ ಹನ್ನೆರಡು.
ಅದರಲ್ಲಿ ಆರು ನಾನು ತೆಗೆದುಕೊಂಡೆ, ದುಡ್ಡು ಕೊಟ್ಟೇ.

ಗಂಟಲಲ್ಲಿ ಗಂಟು ಅಂದರು ಡಾಕ್ಟರು.
ಕತ್ತರಿಸಿದ ಮೇಲೆ ಉಳಿದದ್ದು ಮರಳು ಕಾಗದದ ಸ್ವರ.
ಅದನ್ನೂ ಬಿಡಲಿಲ್ಲ. ಏಪ್ರಿಲ್ಲಿನಲ್ಲಿ ಹೋಗಿ ನೋಡಿ,
ಮನೆತನದ ಹಾಕಿ ಪಂದ್ಯಕ್ಕೆ ಮೈಕು ಹಿಡಿದು
'ಗೋ' ಅಂತ ಹಿಡಿದರೆ 'ಲ್' ಬರುವುದು ಎಂಟು ಮಾತ್ರೆ ಆದ ಮೇಲೆ,
ಅಷ್ಟರಲ್ಲಿ ಎದುರು ತಂಡ ಚೆಂಡು ತಂದು ನಡುವಿಗಿಟ್ಟಿರುತ್ತದೆ.

ಒಮ್ಮೆ ಬಾಕಿ ನೆಪ ಮಾಡಿ ಬಿಟ್ಟಂಗಾಲಕ್ಕೆ ಹೋದೆ.
ಭತ್ತ ಹಾಲುಗಟ್ಟಿತ್ತು. ಗಿಳಿ ಓಡಿಸಲು ಗದ್ದೆಯ ಉದ್ದಕ್ಕೂ
ಕೋಲಿನಿಂದ ಕೋಲಿಗೆ ಬಿಗಿದಿದ್ದಳು, ಕ್ಯಾಸೆಟ್ಟಿನ ಕಂದು ಟೇಪು,
ಮಾರದೆ ಉಳಿದದ್ದು.
ಗಾಳಿ ಎದ್ದಾಗ ಗದ್ದೆ ಗುಂಯ್ ಅಂದಿತು.
ಗಿಳಿ ಹಾರಿದವು, ನನ್ನ ಮೈ ಜುಮ್ಮೆಂದಿತು.
ಅವಳು ಕಿವಿಗೊಟ್ಟು, ಮುಖ ಸಿಂಡರಿಸಿ,
ಕೆಸರಿಗಿಳಿದು, ಮೂರನೇ ಕೋಲನ್ನು ಒಂದಿಷ್ಟು ವಾಲಿಸಿ ಬಿಗಿದಳು.
'ಶ್ರುತಿ ಇಳಿದಿತ್ತು' ಅಂದಳು.

ದುಡ್ಡು ನಾನು ಕೇಳಲಿಲ್ಲ, ಅವಳು ಕೊಡಲಿಲ್ಲ.
ಒಂದು ಸೇರು ಮೆಣಸು ಕಟ್ಟಿ ಕೊಟ್ಟಳು,
ಅದನ್ನು ಎಲ್ಲೂ ಬರೆದಿಲ್ಲ.
ಬಾಕಿಯ ಸಾಲು ಹಾಗೇ ಇದೆ.
ಹೊಡೆದು ಹಾಕು ಅನ್ನುತ್ತಾನೆ ಮಗ.
ಅವನಿಗೇನು ಗೊತ್ತು,
ಅಂಗಡಿಯ ಮುಂದೆ ಜೀಪು ನಿಂತಾಗಲೆಲ್ಲ
ಪುಸ್ತಕ ತೆಗೆದು ಆ ಪುಟಕ್ಕೆ ಬೆರಳಿಟ್ಟೇ ಕೂರುತ್ತೇನೆ.